ದೊಡ್ಡ ಧಣಿಗಳ ಫೋನು

ಪುತ್ತೂರು
೨೦-೮-೧೯೬೪

ಅಕ್ಕಾ,

ಕ್ಷೇಮ ಸಮಾಚಾರವೆಲ್ಲ ಕೊನೆಗೆ, ಮೊದಲು ಸುದ್ದಿ. ನಮ್ಮ ಕಾರ್ಖಾನೆಗೆ ಫೋನು ಬಂದಿದೆ.

ಬಂದರೆ ಎಂತ ಎಂದು ನೀನು ಮಂಡೆಕೋಲಿನಲ್ಲಿ ಕೂತು ಕೇಳಬಹುದು. ಬಂದು ನೋಡಿದರೆ ಕೇಳುವುದಿಲ್ಲ. ಕಪ್ಪಗೆ ಮಿರಿಮಿರಿ ಮಿಂಚುತ್ತದೆ, ಎತ್ತಿದರೆ ಸುಲಿದ ತೆಂಗಿನಕಾಯಿಯಷ್ಟು ಭಾರ. ಅದನ್ನು ಇಟ್ಟದ್ದು ಎಲ್ಲಿ ಗೊತ್ತೇ, ನನ್ನ ಮೇಜಿನ ಮೇಲೆ. ಇನ್ನೂರು ಹೆಂಗಸರು ಗೇರುಬೀಜ ಒಡೆಯುವ ಈ ಕಾರ್ಖಾನೆಯಲ್ಲಿ ಮೇಜು ಇರುವ ಹೆಂಗಸು ನಾನೊಬ್ಬಳೇ. ಹುಡುಗಿಗೆ ಎಸ್ಸೆಸ್ಸೆಲ್ಸಿ ಯಾಕೆ ಎನ್ನುತ್ತಿದ್ದ ಸೋದರಮಾವ ಮೊನ್ನೆ ನೆಂಟರೊಬ್ಬರಿಗೆ, "ನಮ್ಮ ಕೌಸಲ್ಯಾ ಆಫೀಸಿನಲ್ಲಿರುದು, ಫೋನು ಅವಳ ಹತ್ತಿರವೇ ಉಂಟು" ಎಂದು ಹೇಳುವುದನ್ನು ಬಾಗಿಲ ಸಂದಿನಿಂದ ಕೇಳಿಸಿಕೊಂಡೆ.

ಮ್ಯಾನೇಜರು ತ್ಯಾಂಪಣ್ಣನವರದು ಇನ್ನೊಂದು ಕಥೆ. ಮಂಗಳೂರಿನಿಂದ ಫೋನು ಬಂದರೆ ಮೊದಲು ಎಕ್ಸ್‌ಚೇಂಜಿನ ರಾಧಾಕೃಷ್ಣ ಎನ್ನುವವರು "ಟ್ರಂಕ್ ಕಾಲ್, ಮಾತಾಡಿ" ಅನ್ನುತ್ತಾರೆ. ಆಮೇಲೆ ಗುಂಯ್ ಎಂಬ ಶಬ್ದದ ನಡುವೆ ಎರಡೂ ಕಡೆಯವರು ಗಂಟಲು ಹರಿಯುವ ಹಾಗೆ ಕೂಗಬೇಕು. ಮೂರು ನಿಮಿಷವಾದರೆ ಕಟ್. ಅಷ್ಟು ಹೊತ್ತೂ ನಮ್ಮ ತ್ಯಾಂಪಣ್ಣನವರು ಎದ್ದು ನಿಂತಿರುತ್ತಾರೆ. ಎತ್ತಿ ಕಟ್ಟಿದ ಮುಂಡನ್ನು ಕೆಳಗೆ ಬಿಟ್ಟು, ಹೆಗಲ ಶಾಲು ತೆಗೆದು ಕಂಕುಳಲ್ಲಿ ಹಿಡಿದು, ಬಾಗಿ ಬಾಗಿ "ಹೂಂ ಧಣಿ, ಆಯ್ತು ಧಣಿ" ಎನ್ನುತ್ತಾರೆ. ಅವರು ನಿಂತರೆ ಗುಮಾಸ್ತರು ನಿಲ್ಲುತ್ತಾರೆ, ಗುಮಾಸ್ತರು ನಿಂತರೆ ನಾನು. ಕಾಣದ ಮನುಷ್ಯನಿಗೆ ನಾವು ಮೂರು ಜನ ನಿಂತು ಮರ್ಯಾದೆ ಕೊಡುವುದನ್ನು ಕಿಟಕಿಯಲ್ಲಿ ನೋಡಿ ಒಳಗಿನ ಹೆಂಗಸರಿಗೆ ನಕ್ಕು ನಕ್ಕು ಹೊಟ್ಟೆ ಹುಣ್ಣು.

ಹೆಚ್ಚು ನಗುವವಳು ಪಾತು. ಬ್ಯಾರಿ ಹೆಂಗಸು, ನಮ್ಮ ಅಮ್ಮ ಇದ್ದಿದ್ದರೆ ಅವಳ ಪ್ರಾಯ. ನನ್ನ ಮೊದಲ ದಿನ ಹಸಿ ಬೀಜದ ಎಣ್ಣೆ ಕೈಗೆ ತಾಗಿ ಸುಟ್ಟಾಗ ತೆಂಗಿನೆಣ್ಣೆ ಹಚ್ಚಿದವಳು. ನಿನ್ನೆ ಅವಳು, "ಆ ಡಬ್ಬಿಗೆ ಕಣ್ಣುಂಟಾ? ನೀವು ಕೂತರೆ ಅದಕ್ಕೆ ಕಾಣ್ತದಾ?" ಎಂದು ಕೇಳಿದಳು. ನನಗೂ ನಗು ಬಂತು. ಆದರೂ ಮುಂದಿನ ಸಲ ನಿಂತೇ ಇದ್ದೆ.

ನಮ್ಮ ಸಣ್ಣ ಧಣಿಗಳು ಪ್ರೇಮನಾಥರು ಇಲ್ಲೇ ಇರುವುದು. ಮಂಗಳೂರಿನಲ್ಲಿ ಅವರ ಅಣ್ಣ ದೊಡ್ಡ ಧಣಿಗಳು ಇದ್ದಾರಂತೆ, ಹಡಗಿಗೆ ಮಾಲು ಹತ್ತಿಸುವುದೆಲ್ಲ ಅವರದಂತೆ. ಫೋನು ಮಾಡುವುದು ಅವರ ಆಫೀಸಿನವರು, ತ್ಯಾಂಪಣ್ಣನವರಿಗೆ ಅವರೂ ಧಣಿಗಳೇ. ದೊಡ್ಡ ಧಣಿಗಳ ಮುಖವನ್ನು ಇಲ್ಲಿಯವರು ಯಾರೂ ನೋಡಿದ್ದಿಲ್ಲ, ಮಾತು ಕೇಳಿದ್ದಿಲ್ಲ. ಆದರೂ ಅವರ ಹೆಸರು ಹೇಳುವಾಗ ಎಲ್ಲರ ದನಿ ತಗ್ಗುತ್ತದೆ.

ಇನ್ನು ಕ್ಷೇಮ ಸಮಾಚಾರ: ನಾವೆಲ್ಲ ಕ್ಷೇಮ.

ನಿನ್ನ
ಕೌಸಲ್ಯಾ


ಮಂಡೆಕೋಲು
೨೯-೮-೧೯೬೪

ಕೂಸೇ,

ನಿನ್ನ ಫೋನಿನ ಕಥೆಯನ್ನು ಅತ್ತೆಗೂ ಓದಿ ಹೇಳಿದೆ. ಅವರು, "ಅದರಲ್ಲಿ ಮಾತಾಡಿದರೆ ಮೈಲಿಗೆ ಆಗುದಿಲ್ವಾ" ಎಂದು ಕೇಳಿದರು. ಇಲ್ಲ ಎಂದು ಹೇಳಿದ್ದೇನೆ. ಸರಿಯಲ್ಲವೇ.

ನಗುವುದೆಲ್ಲ ಸರಿ, ಬಾಯಿಗೆ ಮಾತ್ರ ಸ್ವಲ್ಪ ಬೀಗ ಇರಲಿ. ಈ ಕೆಲಸ ನಿನಗೆ ಸಿಕ್ಕಿದ್ದು ಮಾವ ಹತ್ತು ಜನರ ಮನೆಗೆ ನಡೆದದ್ದರಿಂದ. ಒಂದು ವರ್ಷ ನೋಡುತ್ತೇನೆ, ಆಮೇಲೆ ಗಂಡು ಹುಡುಕುವುದೇ ಎಂದು ಅವರು ಹೇಳಿದ್ದು ನಿನಗೆ ನೆನಪಿರಬಹುದು. ಮೇಲಿನವರು ಹೇಳಿದ್ದನ್ನು ಹೇಳಿದ ಹಾಗೆ ಮಾಡು. ಯಾಕೆ, ಏನು ಎಂದು ಎದುರು ಕೇಳಬೇಡ. ಚಿಕ್ಕಂದಿನಲ್ಲೇ ನಿನಗೆ ಆ ಚಾಳಿ ಇತ್ತು, ನಾನು ಎಷ್ಟು ಚಿವುಟಿ ಬಿಡಿಸಿದ್ದೇನೆ.

ನಿನ್ನ ಭಾವ ಕೇಳುತ್ತಾರೆ, ಗೇರುಬೀಜ ಒಂದು ಹಿಡಿ ತರಬಹುದೋ ಎಂದು. ತರಬೇಡ.

ಅಕ್ಕ
ಸತ್ಯವತಿ


ಪುತ್ತೂರು
೧೪-೧೦-೧೯೬೪, ಬುಧವಾರ ಸಂಜೆ

ಅಕ್ಕಾ,

ಇದನ್ನು ಓದಿ ಒಲೆಗೆ ಹಾಕು. ಯಾರಿಗೂ ಹೇಳಬಾರದೆಂದು ಹುಕುಂ ಆಗಿದೆ. ನೀನು 'ಯಾರಿಗೂ' ಎನ್ನುವುದರಲ್ಲಿ ಸೇರುವುದಿಲ್ಲ ಎಂದು ನಾನೇ ತೀರ್ಮಾನಿಸಿದ್ದೇನೆ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಓದಿಕೋ.

ಇವತ್ತು ದೊಡ್ಡ ಧಣಿಗಳು ನನ್ನೊಡನೆ ಮಾತಾಡಿದರು. ಮೂರು ನಿಮಿಷವಲ್ಲ, ಮೂರು ಗಂಟೆ.

ಹನ್ನೆರಡರ ಸುಮಾರಿಗೆ ಫೋನು ಬಡಿಯಿತು. ತ್ಯಾಂಪಣ್ಣನವರು ಎತ್ತಿದರು. ಆ ಕಡೆಯಿಂದ ಗಂಭೀರ ದನಿ, ನನಗೂ ಕೇಳಿಸುವಷ್ಟು ಸ್ಪಷ್ಟ: "ಯಾರು, ತ್ಯಾಂಪಣ್ಣನಾ? ನಾನು ಯಾರೂಂತ ಗೊತ್ತಾಗ್ಲಿಲ್ವಾ?" ಪಾಪ, ಮ್ಯಾನೇಜರರ ಮುಖ ಬಿಳುಚಿತು. ಧಣಿಗಳ ಹತ್ತಿರ 'ನೀವು ಯಾರು' ಎಂದು ಕೇಳಿ ಉಳಿದವರುಂಟೇ. "ದೊಡ್ಡ ಧಣಿಗಳಾ... ತಪ್ಪಾಯ್ತು ಧಣಿ" ಎಂದು ಮುಂಡು ಬಿಟ್ಟು ಎದ್ದು ನಿಂತರು. ನಾವೂ ನಿಂತೆವು.

ವಿಷಯ ಏನೆಂದರೆ, ನಮ್ಮ ಡಬ್ಬಗಳಲ್ಲಿ ತಿರುಳಿನ ಬದಲು ಕಲ್ಲು ತುಂಬುವ ಒಂದು ಕೂಟವನ್ನು ಮಂಗಳೂರಿನಲ್ಲಿ ಪೊಲೀಸರು ಪತ್ತೆ ಮಾಡಿದ್ದಾರಂತೆ. ಅವರ ಕಡೆಯವರು ಒಬ್ಬರು ನಮ್ಮ ಕಾರ್ಖಾನೆಯ ಒಳಗೇ ಇದ್ದಾರಂತೆ. ಸಣ್ಣ ಧಣಿಗಳು ಕುಂದಾಪುರಕ್ಕೆ ಮದುವೆಗೆ ಹೋಗಿದ್ದಾರಲ್ಲ, ಅವರಿಗೆ ತಿಳಿಸಿ ಗಾಬರಿ ಮಾಡುವುದು ಬೇಡ, ಇವತ್ತೇ ಹಿಡಿಯಬೇಕು, ಫೋನು ಕೆಳಗಿಡಬಾರದು. ಬರೆದುಕೊಳ್ಳುವವರು ಯಾರಾದರೂ ಇದ್ದಾರಾ ಎಂದರು. ಇದ್ದದ್ದು ನಾನು.

ಅವರು ಹೇಳಿದ್ದನ್ನು ನಂಬರು ಹಾಕಿ ಬರೆದುಕೊಂಡೆ, ತ್ಯಾಂಪಣ್ಣನವರು ಓಡಿ ಓಡಿ ಮಾಡಿದರು. ಒಂದು, ಗೇಟು ಮುಚ್ಚುವುದು. ಎರಡು, ಪ್ಯಾಕಿಂಗ್ ನಿಲ್ಲಿಸುವುದು. ಒಂದೊಂದು ಆದ ಕೂಡಲೇ ನಾನು "ಆಯ್ತು ಧಣಿ" ಎಂದಾಗ ಅವರು, "ಶಹಭಾಸ್ ಮಗು. ನಿನ್ನಂಥವರು ಅಲ್ಲಿದ್ದಾರೆಂದು ನನಗೆ ಯಾರೂ ಹೇಳ್ಲೇ ಇಲ್ಲ" ಎಂದರು. ಅಕ್ಕಾ, ನಮ್ಮ ಅಪ್ಪ ನನಗೆ ಜನ್ಮದಲ್ಲಿ ಶಹಭಾಸ್ ಎಂದಿದ್ದರೇ.

ಆಮೇಲೆ ಹೆಸರು ಸಿಕ್ಕಿತು. ಪಾತು. ನಂಬುತ್ತೀಯಾ. ನನಗೂ ನಂಬಲಾಗಲಿಲ್ಲ, ಆದರೆ ದೊಡ್ಡ ಧಣಿಗಳು ಅಷ್ಟು ಖಂಡಿತವಾಗಿ ಹೇಳುವಾಗ ನಾವು ಯಾರು ಇಲ್ಲವೆನ್ನಲು. ಅವಳನ್ನು ಹಿಂದಿನ ಗೋಣಿಚೀಲದ ಕೋಣೆಯಲ್ಲಿ ಕೂರಿಸಿ ನಾನೇ ತಪಾಸಣೆ ಮಾಡಬೇಕೆಂದು ಹುಕುಂ. ಮಾಡಿದೆ. ತಲೆಯ ಬಟ್ಟೆ ತೆಗೆಸಿದೆ, ತುರುಬು ಬಿಚ್ಚಿಸಿದೆ, ಕುಪ್ಪಸ ಸಡಿಲಿಸಿ ನೋಡಿದೆ, ಸೊಂಟದ ಬೆಳ್ಳಿಪಟ್ಟಿ ಬಿಚ್ಚಿಸಿದೆ. ಏನೂ ಸಿಗಲಿಲ್ಲ. ಅವಳು, "ಎಂತ ಕೌಸಲ್ಯಕ್ಕ ಇದು? ಯಾರು ಹೇಳಿದ್ದು? ಆ ಜನ ಎಲ್ಲಿ, ನನಗೆ ತೋರ್ಸಿ. ಮಗಳಿಗೆ ಹುಷಾರಿಲ್ಲ, ನಾನು ಮನೆಗೆ ಹೋಗ್ಬೇಕು" ಎಂದಳು. ಓಡಿ ಬಂದು ಫೋನಿನಲ್ಲಿ ಹೇಳಿದೆ. ಧಣಿಗಳು ನಕ್ಕು, "ಕದ್ದವರೆಲ್ಲ ಹಾಗೇ ಹೇಳುದು, ಮಗು. ಸಂಜೆಯ ತನಕ ಕೂತಿರ್ಲಿ" ಎಂದರು. ನಾನು ಹೋಗಿ, "ಕೂತ್ಕೊ, ಏಳ್ಬಾರ್ದು" ಎಂದು ಹೇಳಿ ಬಂದೆ. ನನ್ನ ದನಿ ಅಷ್ಟು ಗಟ್ಟಿಯಾಗಿ ಬರಬಹುದೆಂದು ನನಗೇ ಗೊತ್ತಿರಲಿಲ್ಲ.

ಮೂರು ಗಂಟೆಗೆ ಲಾರಿ ಬಂತು. ಹಡಗಿಗೆ ಹೋಗಬೇಕಾದ ಡಬ್ಬಗಳನ್ನೆಲ್ಲ ಜೋಪಾನಕ್ಕೆಂದು ಅದರಲ್ಲಿ ಹೇರಿಸಿದೆವು. ಕೊನೆಯ ಹುಕುಂ, ಪಾತುವನ್ನು ನಾಳೆಯಿಂದ ಸೇರಿಸಬಾರದು. ತ್ಯಾಂಪಣ್ಣನವರು ಹೆಸರು ಹೊಡೆದು ಹಾಕಿದರು. ಐದು ಗಂಟೆಗೆ ಅವಳು ತಲೆಗೆ ಬಟ್ಟೆ ಹಾಕದೆ ಗೇಟು ದಾಟಿ ಓಡಿದಳು. ಆ ಪ್ರಾಯದ ಹೆಂಗಸು ಓಡುವುದನ್ನು ನಾನು ನೋಡಿದ್ದೇ ಇಲ್ಲ.

ಸಣ್ಣ ಧಣಿಗಳು ಶುಕ್ರವಾರ ಬರುತ್ತಾರೆ. ನನಗೆ ಬಡ್ತಿ ಸಿಗಬಹುದೆಂದು ಗುಮಾಸ್ತರು ಹೇಳುತ್ತಾರೆ.

ನಿನ್ನ
ಕೌಸಲ್ಯಾ


ಪುತ್ತೂರು
೧೭-೧೦-೧೯೬೪

ಅಕ್ಕಾ,

ಹಿಂದಿನ ಕಾಗದ ಒಲೆಗೆ ಹಾಕಿದೆಯಾ? ಹಾಕದಿದ್ದರೆ ಈಗ ಹಾಕು. ದೊಡ್ಡ ಧಣಿಗಳಲ್ಲ. ಯಾವ ಧಣಿಯೂ ಅಲ್ಲ.

ನಿನ್ನೆ ಸಣ್ಣ ಧಣಿಗಳು ಬಂದರು. ತ್ಯಾಂಪಣ್ಣನವರು ಗೆದ್ದ ಕೋಳಿಯ ಹಾಗೆ ಎದೆ ಉಬ್ಬಿಸಿ ಎಲ್ಲ ಹೇಳಿದರು. ಧಣಿಗಳು ಕೇಳಿ ಕೇಳಿ ಕುರ್ಚಿಯಲ್ಲಿ ಕುಸಿದು, "ಅಣ್ಣ ಬೊಂಬಾಯಿಗೆ ಹೋಗಿ ಹದಿನೈದು ದಿನ ಆಯ್ತು ತ್ಯಾಂಪಣ್ಣ. ನಿಮ್ಮ ಹತ್ತಿರ ಮಾತಾಡಿದ್ದು ಯಾರು?" ಎಂದರು. ನಾವೆಲ್ಲ ಇಂಗು ತಿಂದ ಮಂಗಗಳು.

ಆದರೆ ಕೇಳು, ಮುಂದಿನದಕ್ಕೆ ನನ್ನ ತಲೆ ಓಡಿತು. ಮಂಗಳೂರಿನ ಫೋನಾದರೆ ಮೊದಲು ರಾಧಾಕೃಷ್ಣರು 'ಟ್ರಂಕ್' ಎನ್ನಬೇಕಿತ್ತು. ಅನ್ನಲಿಲ್ಲ. ಕೂಗಬೇಕಿತ್ತು. ನಾವು ಪಿಸುಮಾತಿನಲ್ಲಿ ಮಾತಾಡಿದೆವು. ಮೂರು ನಿಮಿಷಕ್ಕೆ ಕಡಿಯಬೇಕಿತ್ತು. ಕಡಿಯಲಿಲ್ಲ. ಆ ಜನ ಪುತ್ತೂರಿನಲ್ಲೇ ಕೂತು ಮಾತಾಡಿದ್ದು. ಇದು ಹೊಳೆದ ಕೂಡಲೇ ಧಣಿಗಳ ಅಪ್ಪಣೆ ಕೇಳದೆ ಫೋನೆತ್ತಿ ರಾಧಾಕೃಷ್ಣರನ್ನು ವಿಚಾರಿಸಿದೆ. "ಬಸ್‌ಸ್ಟ್ಯಾಂಡಿನ ಹೋಟ್ಲಿನ ಫೋನು. ಮೂರು ಗಂಟೆ ಲೈನು ಬಿಡ್ಲೇ ಇಲ್ಲ, ನಾನೇ ಬೈದೆ" ಎಂದರು. ಧಣಿಗಳು ಸೀದಾ ಸ್ಟೇಷನ್ನಿಗೆ. ಸಂಜೆಯೊಳಗೆ ಉಪ್ಪಿನಂಗಡಿಯ ಹತ್ತಿರ ಒಂದು ಹಂಚಿನ ಕೊಟ್ಟಿಗೆಯಲ್ಲಿ ಡಬ್ಬಗಳು ಸಿಕ್ಕವು, ಮನುಷ್ಯನೂ ಸಿಕ್ಕಿದ.

ಯಾರು ಗೊತ್ತೇ, ಧರ್ಮಪಾಲ. ಹೋದ ವರ್ಷದ ತನಕ ನಮ್ಮಲ್ಲೇ ಮೇಸ್ತ್ರಿಯಾಗಿದ್ದವನಂತೆ. ದಿನಾ ಅವನ ದನಿ ಕೇಳಿದ್ದ ತ್ಯಾಂಪಣ್ಣನವರಿಗೂ, ಧಣಿ ಎಂದುಕೊಂಡ ಮೇಲೆ ಗುರುತು ಸಿಗಲಿಲ್ಲ. ದನಿ ಗುರುತಿಸಲು ನನ್ನನ್ನೂ ಸ್ಟೇಷನ್ನಿಗೆ ಕರೆದುಕೊಂಡು ಹೋದರು. ನಾನು ಎತ್ತರದ, ಮೀಸೆಯ, ಕೋಟು ಹಾಕಿದ ಒಬ್ಬರನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಬೆಂಚಿನ ತುದಿಯಲ್ಲಿ ಕೂತದ್ದು ಒಬ್ಬ ಸಣಕಲು ಮನುಷ್ಯ, ಚಪ್ಪಲಿಯ ಪಟ್ಟಿ ಕಿತ್ತು ದಾರ ಕಟ್ಟಿದ್ದಾನೆ. ಬಾಯಿ ತೆರೆದ ಕೂಡಲೇ ನಾನು ಎದ್ದು ನಿಂತೆ. ಅಕ್ಕಾ, ಕಳ್ಳ ಎಂದು ಗೊತ್ತಿದ್ದೂ ಎದ್ದು ನಿಂತೆ. ಕಾನ್‌ಸ್ಟೇಬಲ್ ನಕ್ಕರು.

ಅವನು ಹೇಳಿದ್ದು ಇಷ್ಟು: "ನಾನು ಯಾರೂಂತ ನಾನು ಹೇಳ್ಲೇ ಇಲ್ಲ ಸಾರ್. ಗೊತ್ತಾಗ್ಲಿಲ್ವಾ ಎಂದು ಕೇಳಿದ್ದು, ಅಷ್ಟೆ. ಧಣಿ ಮಾಡಿದ್ದು ಅವರು. ಆಮೇಲೆ ಎಲ್ಲ ಅವರೇ ಮಾಡಿದ್ದು."

ಮಾಲು ಬಂತು, ಧಣಿಗಳಿಗೆ ನನ್ನ ಮೇಲೆ ಸಂತೋಷವಾಗಿದೆ. ಪಾತು ಕೆಲಸಕ್ಕೆ ಬರಲಿಲ್ಲ. ಅವಳ ಹೆಸರು ಹೊಡೆದದ್ದು ಹಾಗೇ ಉಂಟು.

ಕೌಸಲ್ಯಾ


ಮಂಡೆಕೋಲು
೨೪-೧೦-೧೯೬೪

ಕೌಸಲ್ಯಾ,

ಎರಡು ಕಾಗದವೂ ಒಂದೇ ದಿನ ಬಂದವು. ಒಲೆಗೆ ಹಾಕಿಲ್ಲ.

ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದರಂತೆ, ಹಾಗಾಯಿತು ನಿಮ್ಮ ಕೆಲಸ. ನಿನ್ನ ಭಾವ ಓದಿ ನಕ್ಕರು. ನನಗೆ ನಗು ಬರಲಿಲ್ಲ. ಒಂದು ಕಡೆ ನಿಂತುಬಿಟ್ಟೆ. 'ಆಮೇಲೆ ಹೆಸರು ಸಿಕ್ಕಿತು' ಎಂದು ಬರೆದಿದ್ದಿ. ಹೆಸರು ಬಾವಿಯಲ್ಲಿ ಬಿದ್ದ ಕೊಡಪಾನವೇ, ಸಿಗಲಿಕ್ಕೆ? ಆ ಧರ್ಮಪಾಲ ಬಿಟ್ಟುಹೋಗಿ ವರ್ಷವಾಯಿತು, ಆ ದಿನ ಯಾರು ಕೆಲಸಕ್ಕೆ ಬಂದಿದ್ದಾರೆಂದು ಅವನಿಗೇನು ಗೊತ್ತು?

ಹೆಸರು ಹೇಳಿದ್ದು ಯಾರು?

ಸತ್ಯವತಿ


ಪುತ್ತೂರು
೨-೧೧-೧೯೬೪

ಅಕ್ಕಾ,

ನಾನು.

"ಇವತ್ತು ಬೇಗ ಹೋಗ್ತೇನೆ ಎಂದು ಯಾರಾದರೂ ಕೇಳಿದ್ದಾರಾ?" ಎಂದು ಅವನು ಕೇಳಿದ. ಬೆಳಿಗ್ಗೆ ಪಾತು ನನ್ನ ಮೇಜಿನ ಹತ್ತಿರ ಬಂದು, "ಮಧ್ಯಾಹ್ನ ಮನೆಗೆ ಹೋಗ್ಬೇಕಿತ್ತು, ಸ್ವಲ್ಪ ಕೆಲಸ ಉಂಟು" ಎಂದಿದ್ದಳು. ನಾನು ಥಟ್ಟನೆ "ಪಾತು" ಎಂದೆ. ಅವನು "ನೋಡು, ನಮಗೆ ಬಂದ ಹೆಸರೂ ಅದೇ" ಎಂದ. ಆಗ ನನಗೆ ಪರೀಕ್ಷೆಯಲ್ಲಿ ಸರಿ ಉತ್ತರ ಬರೆದಷ್ಟು ಖುಷಿಯಾಯಿತು. ಇದನ್ನು ಬರೆಯುವಾಗ ಈಗ ಮೈ ಉರಿಯುತ್ತದೆ.

ಅವಳ ಮನೆಗೆ ಹೋದೆ, ಕೂರ್ನಡ್ಕಕ್ಕೆ. ಬಾಗಿಲಿಗೆ ಬಂದದ್ದು ಮಗಳು ಸುಹರಾ, ಕೈಯಲ್ಲಿ ಹಸಿಗೂಸು. ಹುಟ್ಟಿದ್ದು ಯಾವಾಗ ಗೊತ್ತೇ. ಆ ಬುಧವಾರ, ಮೂರು ಗಂಟೆಗೆ, ಲಾರಿಗೆ ಡಬ್ಬ ಹೇರುವಾಗ. ಚೊಚ್ಚಲು ಹೆರಿಗೆ ತಾಯಿಯ ಕೈಯಲ್ಲಾಗಲಿ ಎಂದು ಗಂಡನ ಮನೆಯಿಂದ ಕರೆತಂದಿದ್ದರು. ಬೆಳಿಗ್ಗೆಯೇ ನೋವು ಶುರುವಾಗಿತ್ತು. ನಾನು ಮದುವೆಯಾಗದ ಹುಡುಗಿ, ಹೆರಿಗೆಯ ವಿಷಯ ನನ್ನ ಹತ್ತಿರ ಬಾಯಿ ಬಿಟ್ಟು ಹೇಳುವುದು ಹೇಗೆ ಎಂದು ಪಾತು 'ಸ್ವಲ್ಪ ಕೆಲಸ' ಎಂದದ್ದು. ಕೊನೆಗೆ ನೆರೆಮನೆಯ ದುಗ್ಗಮ್ಮ ಎನ್ನುವವರು ಬಂದು ಹೆರಿಗೆ ಮಾಡಿಸಿದರಂತೆ. ಮಗು ಅಡ್ಡ ತಿರುಗಿತ್ತಂತೆ.

"ನಾನು ಅಷ್ಟು ಕರೆದೆ. ಉಮ್ಮ ಬರ್ಲಿಲ್ಲ" ಎಂದಳು ಸುಹರಾ. ನನಗಲ್ಲ, ಒಳಗಿದ್ದ ತಾಯಿಗೆ ಕೇಳುವ ಹಾಗೆ. ಆಮೇಲೆ ನನ್ನ ಮುಖ ನೋಡಿ, "ನಿಮ್ಮ ಹತ್ತಿರ ಮಾತಾಡುದಿಲ್ಲಂತೆ" ಎಂದು ಬಾಗಿಲು ಹಾಕಿದಳು. ತಾಯಿ ಮಗಳ ನಡುವೆಯೂ ಮಾತು ಸರಿಯಿಲ್ಲವೆಂದು ದುಗ್ಗಮ್ಮ ಹೇಳಿದರು.

ಈಗ ಇನ್ನೊಂದು. ತ್ಯಾಂಪಣ್ಣನವರು ಒಂದು ಕಾಗದ ಬರೆದಿದ್ದಾರೆ. ಪಾತು ಧರ್ಮಪಾಲನ ಕಡೆಯವಳೇ, ಆದ್ದರಿಂದ ಅವಳನ್ನು ಹಿಡಿದು ಕೂರಿಸಿದ್ದು ಸರಿ, ತಪಾಸಣೆಯಲ್ಲಿ ಅವಳ ಹತ್ತಿರ ತಿರುಳು ಸಿಕ್ಕಿತು ಎಂದು. ಅವರಿಗೆ ಕೆಲಸ ಹೋಗುವ ಹೆದರಿಕೆ. ತಪಾಸಣೆ ಮಾಡಿದವಳು ನಾನಲ್ಲವೇ, ನನ್ನ ಸಹಿ ಬೇಕು. "ಎಂತ ಯೋಚನೆ ಮಾಡುದು ಮಾರಾಯ್ತಿ? ನಾನು ಹೇಳ್ತಿದ್ದೇನೆ, ಹಾಕು. ನಾನು ಉಳಿದರೆ ನೀನೂ ಉಳಿತೀ" ಎಂದರು. ಪೆನ್ನು ಕೈಗೇ ಕೊಟ್ಟರು. ಇದು ಫೋನಲ್ಲ ಅಕ್ಕಾ, ನಿಜವಾದ ಮ್ಯಾನೇಜರು, ಎದುರಿಗೇ ನಿಂತಿದ್ದಾರೆ. ಕೈ ತನ್ನಿಂದ ತಾನೇ ಕಾಗದದ ಕಡೆಗೆ ಹೋಯಿತು. ತಲೆನೋವು ಎಂದು ಸುಳ್ಳು ಹೇಳಿ ಎದ್ದು ಬಂದೆ. ಹದಿನೈದರೊಳಗೆ ಕೊಡಬೇಕಂತೆ.

ಸಹಿ ಹಾಕಿದರೆ ಪಾತು ಜೀವಮಾನವಿಡೀ ಕಳ್ಳಿ, ಇನ್ನು ಯಾವ ಕಾರ್ಖಾನೆಯೂ ಅವಳನ್ನು ಸೇರಿಸುವುದಿಲ್ಲ. ಹಾಕದಿದ್ದರೆ ನನ್ನ ಮೇಜು ಹೋಗುತ್ತದೆ. ಏನು ಮಾಡಲಿ? ನೀನು ಹೇಳಿದ ಹಾಗೆ ಮಾಡುತ್ತೇನೆ.

ಕೌಸಲ್ಯಾ


ಮಂಡೆಕೋಲು
೯-೧೧-೧೯೬೪

ಕೂಸೇ,

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಉತ್ತರವನ್ನು ಎರಡು ಸಲ ಬರೆದು ಹರಿದೆ. ಒಂದರಲ್ಲಿ ಹಾಕು ಎಂದು ಬರೆದಿದ್ದೆ, ಒಂದರಲ್ಲಿ ಹಾಕಬೇಡ ಎಂದು.

ಈಗ ಎರಡನ್ನೂ ಬರೆಯುವುದಿಲ್ಲ. 'ನೀನು ಹೇಳಿದ ಹಾಗೆ ಮಾಡುತ್ತೇನೆ' ಎಂದು ಕೊನೆಗೆ ಬರೆದಿದ್ದಿಯಲ್ಲ, ಅದನ್ನು ಓದಿ ನನಗೆ ಹೆದರಿಕೆಯಾಯಿತು. ಯಾಕೆ ಎಂದು ಕೇಳಬೇಡ ಎಂದು ನಿನ್ನನ್ನು ಚಿವುಟಿ ಬೆಳೆಸಿದವಳು ನಾನು. ನಾನು ಹಾಕಬೇಡ ಎಂದರೆ ನೀನು ಹಾಕುವುದಿಲ್ಲ, ನನಗೆ ಗೊತ್ತು. ಆದರೆ ಆಗಲೂ ನೀನು ಇನ್ನೊಬ್ಬರ ಹುಕುಮಿಗೆ ಎದ್ದು ನಿಂತ ಹಾಗೆಯೇ.

ಸಿಟ್ಟು ಬರಬಹುದು. ಬರಲಿ. ಏನೇ ಆದರೂ ಈ ಮನೆಯಲ್ಲಿ ನಿನಗೆ ಊಟದ ಒಂದು ಎಲೆ ಉಂಟು, ಅದನ್ನು ಮಾತ್ರ ಖಂಡಿತವಾಗಿ ಹೇಳುತ್ತೇನೆ.

ಸತ್ಯವತಿ


ಪುತ್ತೂರು
೨೦-೧೧-೧೯೬೪

ಅಕ್ಕಾ,

ನಿನ್ನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮೂರು ದಿನ ಮನಸ್ಸಿನಲ್ಲೇ ಬೈದೆ. ನಾಲ್ಕನೆಯ ದಿನ ಬೈಗುಳ ಮುಗಿಯಿತು.

ಶನಿವಾರ ತ್ಯಾಂಪಣ್ಣನವರು ಸಣ್ಣ ಧಣಿಗಳ ಎದುರೇ ಕಾಗದ ಮುಂದಿಟ್ಟರು. ನಾನು ಪೆನ್ನು ತೆಗೆದುಕೊಂಡೆ. ಮತ್ತೆ ಕೆಳಗಿಟ್ಟೆ. "ಇದು ಸುಳ್ಳು. ಅವಳ ಹತ್ತಿರ ಏನೂ ಸಿಗ್ಲಿಲ್ಲ. ಅವಳ ಹೆಸರು ಆ ಧರ್ಮಪಾಲನಿಗೆ ಹೇಳಿದ್ದು ನಾನು" ಎಂದೆ. ಅಕ್ಕಾ, ನನ್ನ ದನಿ ನಡುಗಿ ನಡುಗಿ ಮೇಕೆಮರಿಯ ಹಾಗೆ ಬಂತು, ಆದರೆ ಬಂತು. ಎಲ್ಲ ಹೇಳಿದೆ, ತುರುಬು ಬಿಚ್ಚಿಸಿದ್ದು, ಹೆರಿಗೆ, ಎಲ್ಲ. ಕಿಟಕಿಯ ಆ ಕಡೆ ಬೀಜ ಒಡೆಯುವ ಸದ್ದು ನಿಂತಿತ್ತು. ನನಗೆ ಕಾಲಿನಿಂದ ತಲೆಯವರೆಗೆ ಒಂದು ತರಹ ಝುಂ ಎನ್ನುತ್ತಿತ್ತು. ಶಹಭಾಸ್ ಎನ್ನಿಸಿಕೊಂಡಾಗ ಇಷ್ಟು ಆಗಿರಲಿಲ್ಲ.

ಧಣಿಗಳು ಕಾಗದವನ್ನು ಇನ್ನೊಮ್ಮೆ ಓದಿದರು. ಆಮೇಲೆ ಕಾಗದ ಹರಿದರು. ಪಾತು ಯಾವಾಗ ಬೇಕಾದರೂ ಕೆಲಸಕ್ಕೆ ಬರಬಹುದು ಎಂದರು. ತ್ಯಾಂಪಣ್ಣನವರದು ಇಪ್ಪತ್ತು ವರ್ಷದ ಚಾಕರಿ, ಅವರು ಇರುತ್ತಾರೆ. ನನಗೆ, "ನೀನು ನಿಜ ಹೇಳಿದ್ದು ಒಳ್ಳೇದು. ಆದರೆ ಆಫೀಸಿನಲ್ಲಿ ಮ್ಯಾನೇಜರ ಮಾತು ನಡೆಸುವವರು ಬೇಕಲ್ವಾ. ಬೇಕಾದರೆ ಸಾರ್ಟಿಂಗಿಗೆ ಹೋಗು" ಎಂದರು. ಫೋನಿನ ಹುಕುಮನ್ನು ಯಾಕೆ ನಡೆಸಿದಿರಿ ಎಂದು ಆ ದಿನ ತ್ಯಾಂಪಣ್ಣನವರನ್ನು ಬೈದವರೂ ಇವರೇ. ಅತ್ತ ದರಿ, ಇತ್ತ ಹುಲಿ.

ಹೋಗುತ್ತೇನೆ ಎಂದೆ. ಈಗ ನಾಲ್ಕು ದಿನದಿಂದ ಹೆಂಗಸರ ಸಾಲಿನಲ್ಲಿ ಕೆಳಗೆ ಕೂತು, ಇಡೀ ತಿರುಳು ಬೇರೆ, ತುಂಡು ಬೇರೆ ಮಾಡುತ್ತಿದ್ದೇನೆ. ಬ್ರಾಹ್ಮಣರ ಹುಡುಗಿ ಬೀಜದ ಕೊಟ್ಟಿಗೆಯಲ್ಲಿ ಎಂದು ಮಾವ ಮಾತು ಬಿಟ್ಟಿದ್ದಾರೆ. ಅತ್ತೆ ಅನ್ನ ಬಡಿಸುತ್ತಾರೆ, ಸದ್ಯಕ್ಕೆ ಅಷ್ಟು ಸಾಕು.

ಪಾತುವಿಗೆ ಸುದ್ದಿ ಹೇಳಲು ಓಡಿದರೆ ಮನೆಗೆ ಬೀಗ. ಮಗಳನ್ನೂ ಮಗುವನ್ನೂ ಕರೆದುಕೊಂಡು ಪಾತು ಜಾಲ್ಸೂರಿಗೆ ಹೋಗಿದ್ದಾಳೆ, ಅಲ್ಲಿ ಅವಳ ತಮ್ಮ ಕುಂಞಿ ಮೋನು ಅವರ ಅಂಗಡಿ ಉಂಟಂತೆ. ಭಾವ ಅಡಿಕೆ ಮಾರುವುದು ಆ ಅಂಗಡಿಗೇ ಅಲ್ಲವೇ. ಇದರ ಜೊತೆ ಇನ್ನೊಂದು ಕಾಗದ ಇಟ್ಟಿದ್ದೇನೆ. ಅವಳಿಗೆ ಓದಲು ಬರುವುದಿಲ್ಲ. ನೀನು ಹೋಗಿ ಓದಿ ಹೇಳುತ್ತೀಯಾ? ಇಲ್ಲವೆನ್ನಬಹುದು. ಕೇಳುತ್ತಿದ್ದೇನೆ ಅಷ್ಟೆ.

ನಿನ್ನ
ಕೌಸಲ್ಯಾ


ಮಂಡೆಕೋಲು
೧೬-೧೨-೧೯೬೪

ಕೂಸೇ,

ಹೋಗಿ ಬಂದೆ. ಅಂಗಡಿಯ ಹಿಂದಿನ ಜಗಲಿಯಲ್ಲಿ ಕೂತು ನಿನ್ನ ಕಾಗದವನ್ನು ಪಾತುಮ್ಮನಿಗೆ ಎರಡು ಸಲ ಓದಿದೆ. ಅವರು ಸುಹರಾಳನ್ನು ಮಗುವಿನ ಬಟ್ಟೆ ಒಗೆಯಲು ಕಳಿಸಿ, ಆಮೇಲೆ ಉತ್ತರ ಬರೆಸಿದರು. ಅರ್ಧ ತುಳು, ಅರ್ಧ ಮಲೆಯಾಳ, ನಾನು ನನ್ನ ಕನ್ನಡದಲ್ಲಿ ಬರೆದಿದ್ದೇನೆ. ಒಂದು ಕಡೆ ಇದು ಬೇಡ, ಬಿಡುವ ಎಂದೆ. "ನಾನು ಹೇಳಿದ್ದನ್ನು ಬರೀರಿ" ಎಂದರು. ಕೆಳಗಿನದು ಅವರದು.

ಕೌಸಲ್ಯಕ್ಕ,

ನೀನು ತಪ್ಪು ಒಪ್ಪಿದ್ದು ಕೇಳಿದೆ. ನನ್ನ ಹೆಸರು ತೊಳೆದದ್ದೂ ಕೇಳಿದೆ. ಮೇಜು ಬಿಟ್ಟು ಕೆಳಗೆ ಕೂತದ್ದಕ್ಕೆ ನಗು ಬಂತು, ನಿನ್ನ ಕಾಲು ಜೋಮು ಹಿಡಿಯಬಹುದು. ಕ್ಷಮಿಸು ಎಂದು ಬರೆದಿದ್ದಿ. ಅದನ್ನು ಈಗ ಹೇಳಲಿಕ್ಕೆ ನನಗೆ ಬಾಯಿ ಬರುವುದಿಲ್ಲ. ನನ್ನ ಮೈ ಮುಟ್ಟಿ ನೋಡಿದಿ, ಒಂದು ಸಲ 'ಪಾತು, ನೀನು ತೆಗೆದಿಯಾ' ಎಂದು ವಿಚಾರಿಸಲಿಲ್ಲ.

ಆದರೆ ನನ್ನ ನಿದ್ರೆ ಕೆಡಿಸುವುದು ಅದಲ್ಲ. ಇದನ್ನು ನಾನು ಯಾರಿಗೂ ಹೇಳಿಲ್ಲ. ನೀನು 'ಕೂತ್ಕೊ, ಏಳ್ಬಾರ್ದು' ಎಂದು ಹೇಳಿ ಹೋದ ಮೇಲೆ ನಾನು ಗೋಣಿಯ ಮೇಲೆ ಕೂತೆ. ಸುಹರಾ ನೋವು ತಿನ್ನುತ್ತಿದ್ದಾಳೆ ಎಂದು ಅಳುತ್ತಾ ಕೂತೆ. ಐದು ಗಂಟೆಯ ಸೈರನ್ ಆದಾಗ ಎದ್ದು ಬಾಗಿಲಿಗೆ ಕೈ ಇಟ್ಟೆ. ತೆರೆಯಿತು. ಬೀಗ ಇರಲಿಲ್ಲ, ಚಿಲಕವೂ ಇರಲಿಲ್ಲ. ಹಿಂದಿನ ದಾರಿಗೆ ಗೇಟು ಇಲ್ಲ, ನಿನಗೆ ಗೊತ್ತುಂಟು. ಹತ್ತು ನಿಮಿಷದ ದಾರಿ ನನ್ನ ಮನೆ. ಆ ಫೋನಿಗೆ ಕಣ್ಣುಂಟಾ ಎಂದು ನಿಮ್ಮನ್ನೆಲ್ಲ ನೋಡಿ ನಕ್ಕವಳು ನಾನು, ಒಂದು ಹುಡುಗಿ ಕೂತಿರು ಎಂದದ್ದಕ್ಕೆ ತೆರೆದ ಬಾಗಿಲಿನ ಒಳಗೆ ಅಷ್ಟು ಹೊತ್ತು ಕೂತೆ. ಬಾಗಿಲು ದೂಡಿ ನೋಡಲೂ ಇಲ್ಲ. ನನ್ನ ಮಗಳು ಅಲ್ಲಿ ಉಮ್ಮಾ ಉಮ್ಮಾ ಎಂದು ಕರೆಯುತ್ತಿದ್ದಳು.

ಸುಹರಾಳಿಗೆ ನಾನು ಹೇಳಿದ್ದು, ಬೀಗ ಹಾಕಿದ್ದರು ಎಂದು. ಅವಳು ನಂಬಿಲ್ಲ. ಹಿಂದೆ ಅಲ್ಲೇ ಕೆಲಸ ಮಾಡಿದ ದುಗ್ಗಮ್ಮ ಬಾಯಿ ತಪ್ಪಿ, ಆ ಕೋಣೆಗೆ ಬೀಗ ಎಲ್ಲಿ ಉಂಟು ಎಂದುಬಿಟ್ಟಿದ್ದಾಳೆ. ಅಂದಿನಿಂದ ಮಗಳು ಮಗುವನ್ನು ನನ್ನ ಕೈಗೆ ಕೊಡುವಾಗ ನನ್ನ ಮುಖ ನೋಡುವುದಿಲ್ಲ.

ನೀನು ಈಗ ನಿಜ ಹೇಳುವವಳು ಎಂದು ಊರಿಗೆಲ್ಲ ಗೊತ್ತಾಗಿದೆ. ನಿನ್ನ ಮಾತನ್ನು ಅವಳು ನಂಬುತ್ತಾಳೆ. ಬೀಗ ಇತ್ತು ಎಂದು ಅವಳಿಗೆ ಹೇಳುತ್ತೀಯಾ? ಇದು ಹುಕುಂ ಅಲ್ಲ. ನೀನು ಆಗುವುದಿಲ್ಲ ಎಂದರೂ ನಾನು ಬರುವ ತಿಂಗಳು ಕೆಲಸಕ್ಕೆ ಬರುತ್ತೇನೆ, ನಿನ್ನ ಪಕ್ಕದಲ್ಲೇ ಕೂರುತ್ತೇನೆ.

ಪಾತು


ಪುತ್ತೂರು
೨೨-೧೨-೧೯೬೪

ಪಾತುಮ್ಮನಿಗೆ ನಮಸ್ಕಾರ. ಇದನ್ನು ನಿಮ್ಮ ತಮ್ಮನ ಹತ್ತಿರ ಓದಿಸಿಕೊಳ್ಳಿ.

ಬೀಗ ಇತ್ತು. ಹಿತ್ತಾಳೆಯದು, ದೊಡ್ಡದು. ಹಾಕಿದವಳು ನಾನು, ಕೀಲಿಕೈ ಸಂಜೆಯ ತನಕ ನನ್ನ ಸೊಂಟದಲ್ಲೇ ಇತ್ತು. ನೀವು ಬಾಗಿಲು ಬಡಿದು ಬಡಿದು ಅತ್ತದ್ದು ನನಗೆ ಕೇಳಿಸುತ್ತಿತ್ತು, ನಾನು ತೆರೆಯಲಿಲ್ಲ.

ಭಾನುವಾರ ಬೆಳಗಿನ ಬಸ್ಸಿನಲ್ಲಿ ಬಂದು ಸುಹರಾಳಿಗೆ ಇದನ್ನು ನಾನೇ ಹೇಳುತ್ತೇನೆ. ಅಕ್ಕನೂ ಮಂಡೆಕೋಲಿನಿಂದ ಬರುತ್ತಾಳಂತೆ.

ಕೌಸಲ್ಯಾ